ಉಕ್ಕಿನ ಅಂಬಿಗ ಕೇಳಿದ ಪ್ರಶ್ನೆ

ಉಕ್ಕಿನ ಅಂಬಿಗ ನಾಜಿಗಳ ಜಲಾಂತರ್ಗಾಮಿಯನ್ನು ತಲೆಯ ಮೇಲೆತ್ತಿ ಹಿಡಿದು ಏನು ಹೇಳುತ್ತಾನೆ ಎಂಬುದರಲ್ಲಿ ಲೈಬ್ ಅಂಕಲ್‌ಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಆ ಮಾತು ಚಿತ್ರದಲ್ಲಿ ಅವನ ಬಾಯಿಯ ಪಕ್ಕ ಬಿಡಿಸಿದ ಮಾತಿನ ಗುಳ್ಳೆಯೊಳಗೆ ಹಿಡಿಸುತ್ತದೋ ಇಲ್ಲವೋ, ಅಷ್ಟೇ ಅವರ ಚಿಂತೆ. ನಮ್ಮ 'ಧೀರರ ದಂಡು' ಕಾಮಿಕ್ಸ್‌ನಲ್ಲಿ ತಿಂಗಳು ತಿಂಗಳೂ ಒಬ್ಬ ಅಂಬಿಗ, ಮುಖವಾಡ ತೊಟ್ಟ ಒಬ್ಬ ವಿಮಾನದ ರಾಣಿ, ಕಾಡಿನಲ್ಲಿ ಬೆಳೆದ ಒಬ್ಬ ರಾಜಕುಮಾರ, ಕಳ್ಳರನ್ನು ಹಿಡಿಯುವ ಒಂದು ನಾಯಿ ಬರುತ್ತಿದ್ದರು. ನಾಯಿಯೂ ಸೇರಿದಂತೆ ಎಲ್ಲರೂ ಲೈಬ್ ಅಂಕಲ್ ಬರೆದ ಅಕ್ಷರಗಳಲ್ಲೇ ಮಾತಾಡಬೇಕಿತ್ತು.

ಅವರ ಪೂರ್ತಿ ಹೆಸರು ಲೈಬ್ ತರ್ನೋವ್ಸ್ಕಿ. ಹರೆಯದಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು, ಈಸ್ಟ್ ಸೈಡಿನ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದವರು. ಮೀನಿನಂಗಡಿ, ಟೋಪಿಯಂಗಡಿ, ಹೆಣ ಸಾಗಿಸುವವರ ಅಂಗಡಿ, ಎಲ್ಲಕ್ಕೂ ಒಂದೇ ದುಂಡಗಿನ ಅಕ್ಷರ. ಹೆಂಡತಿ ತೀರಿಕೊಂಡ ಮೇಲೆ ಏಣಿ ಹತ್ತುವುದು ಬೇಡವೆನಿಸಿ ನಮ್ಮ ಕಾಸ್ಡನ್ ಸಾಹೇಬರ ಕಾರ್ಖಾನೆಗೆ ಬಂದರು. ಹೌದು, ಕಾರ್ಖಾನೆಯೇ. ಒಬ್ಬರು ಪೆನ್ಸಿಲ್ಲಿನಲ್ಲಿ ಬಿಡಿಸಿ ಪಕ್ಕದವರಿಗೆ ತಳ್ಳುತ್ತಾರೆ, ಅವರು ಅಕ್ಷರ ಬರೆದು ಮುಂದಕ್ಕೆ ತಳ್ಳುತ್ತಾರೆ, ಕೊನೆಗೆ ಯಾರೋ ಪೆನ್ಸಿಲ್ ಗೆರೆಗಳ ಮೇಲೆ ಮಸಿ ಎಳೆಯುತ್ತಾರೆ. ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಕುರ್ಚಿಗಳು ಖಾಲಿಯಾಗಿದ್ದರಿಂದ ಆ ಯಾರೋ ನಾನೇ ಆಗಿದ್ದೆ. ಅಂಬಿಗನ ತೊಡೆಗಳಿಗೆ ದಿನವಿಡೀ ಮಸಿ ಬಳಿಯುವ ಕೆಲಸವೆಂದು ನಮ್ಮಮ್ಮನಿಗೆ ಹೇಳಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕಥೆ ಬರೆಯುವವರು ಯಾವಾಗಲೂ ತಡ. ಚಿತ್ರ ಸಿದ್ಧ, ಗುಳ್ಳೆ ಸಿದ್ಧ, ಮಾತು ಮಾತ್ರ ಇಲ್ಲ. ಹಾಗೆಂದು ಕೈಕಟ್ಟಿ ಕೂರುವಂತಿಲ್ಲವಲ್ಲ, ಎಷ್ಟು ಮಾತು ಹಿಡಿಸುತ್ತದೆ ಎಂದು ತಿಳಿಯಲು ಲೈಬ್ ಅಂಕಲ್ ಬಾಯಿಗೆ ಬಂದದ್ದನ್ನು ಗುಳ್ಳೆಯೊಳಗೆ ಬರೆದಿಡುತ್ತಿದ್ದರು. ಅಸಲಿ ಮಾತು ಬಂದ ಮೇಲೆ ಬಿಳಿ ಬಣ್ಣ ಬಳಿದು ಮತ್ತೆ ಬರೆಯುವುದು. ಆದ್ದರಿಂದ ಬಿಳಿ ಬಣ್ಣ ಬೀಳುವವರೆಗೆ ನಮ್ಮ ಧೀರರು ಲೈಬ್ ಅಂಕಲ್ ಆಗಿರುತ್ತಿದ್ದರು. ಬಾಂಬಿನ ಮಳೆಯಲ್ಲಿ ವಿಮಾನದ ರಾಣಿ ತನ್ನ ಬಲಭುಜ ಹಿಡಿದುಕೊಂಡಿದೆ ಎನ್ನುತ್ತಿದ್ದಳು. ನಾಜಿ ಸೇನಾಪತಿ ಎದುರುಮನೆಯವಳ ಪಿಟೀಲು ನಿಲ್ಲಿಸಿ ಎಂದು ಗೋಗರೆಯುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಲೈಬ್ ಅಂಕಲ್ ಮಾತ್ರ ನಗುತ್ತಿರಲಿಲ್ಲ, ಅವರಿಗೆ ಅದೆಲ್ಲ ನಿಜವಾದ ತಾಪತ್ರಯ.

ಆದರೆ ಅವರ ದೊಡ್ಡ ತಾಪತ್ರಯ ಮೆಟ್ಟಿಲಿಳಿದರೆ ಕೆಳಗೇ ಇತ್ತು. ಬ್ಲೂಮಾ ಗರ್ಫಿಂಕಲ್ ಎಂಬ ವಿಧವೆ ಅಲ್ಲಿ ಊಟದಂಗಡಿ ಇಟ್ಟಿದ್ದರು. ಸೂಪು, ರೈ ಬ್ರೆಡ್ಡು, ಜೊತೆಗೆ ಉಪ್ಪುನೀರಿನ ಜಾಡಿಯಲ್ಲಿ ನೆನೆಸಿದ ಸೌತೆಕಾಯಿ. ಆ ಸೌತೆಕಾಯಿ ಬಾಯಿಗಿಟ್ಟರೆ ಸಮುದ್ರಕ್ಕೇ ಬಾಯಿ ಹಾಕಿದಂತೆ. ನಾವೆಲ್ಲ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದೆವು. ಲೈಬ್ ಅಂಕಲ್ ಮಾತ್ರ ದಿನಾ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದು, ಬ್ಲೂಮಾ ಅತ್ತ ತಿರುಗಿದೊಡನೆ ಗಟಗಟ ನೀರು ಕುಡಿಯುತ್ತಿದ್ದರು. ಇದನ್ನು ಪ್ರೀತಿ ಎನ್ನದೆ ಇನ್ನೇನೆನ್ನಲಿ?

ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ವಿಮೆಯ ಏಜೆಂಟನೊಬ್ಬ ಹೂ ಹಿಡಿದು ಬಂದಾಗ, ನನ್ನ ಇರ್ವಿಂಗ್ ಹಡಗಿನಿಂದ ಮನೆಗೆ ಬಂದು ಒಪ್ಪುವವರೆಗೆ ಮದುವೆಯ ಮಾತೆತ್ತಬೇಡಿ ಎಂದು ಬ್ಲೂಮಾ ಎಲ್ಲರೆದುರೇ ಅವನನ್ನು ಕಳಿಸಿಬಿಟ್ಟಿದ್ದರು. ಇರ್ವಿಂಗ್ ಅವರ ಒಬ್ಬನೇ ಮಗ, ನೌಕಾಪಡೆಯಲ್ಲಿದ್ದ. ಹಡಗು ಪೆಸಿಫಿಕ್ ಸಾಗರದಲ್ಲಿ ಎಲ್ಲಿದೆಯೆಂದು ಅಮ್ಮನಿಗೂ ಗೊತ್ತಿರಲಿಲ್ಲ. ನಾವು ಲೈಬ್ ಅಂಕಲ್‌ರನ್ನು ಕಿಚಾಯಿಸುತ್ತಿದ್ದೆವು. ಅವರು ಕೆಂಪಾಗಿ ಕುಂಚ ತೊಳೆಯಲು ಹೊರಟುಬಿಡುತ್ತಿದ್ದರು, ಕುಂಚ ಕೊಳೆಯಾಗಿರಲಿ ಬಿಡಲಿ.

ಆ ಚಳಿಗಾಲದಲ್ಲಿ ಅಂಬಿಗನ ಕಥೆ ಬರೆಯುತ್ತಿದ್ದವನಿಗೆ ಸೈನ್ಯದಿಂದ ಕರೆ ಬಂತು. ಕೊನೆಯ ಪುಟದ ಮಾತುಗಳನ್ನು ತಲೆಯಲ್ಲೇ ಇಟ್ಟುಕೊಂಡು ಅವನು ರೈಲು ಹತ್ತಿದ. ಅತ್ತ ಮುದ್ರಣದವರು, ಕಾಗದಕ್ಕೆ ಬರ ಬಂದಿದೆ, ಮಧ್ಯಾಹ್ನದೊಳಗೆ ಪುಟ ಕಳಿಸದಿದ್ದರೆ ನಿಮ್ಮ ಪಾಲು ಬೇರೆಯವರಿಗೆ ಎಂದು ಫೋನು ಮಾಡಿದರು. ಕಾಸ್ಡನ್ ಸಾಹೇಬರು ಮೇಜಿನಿಂದ ಮೇಜಿಗೆ ಹಾರಿ, ಸಿಕ್ಕ ಪುಟಗಳನ್ನೆಲ್ಲ ಬಾಚಿ ಕಟ್ಟಿ ಕಳಿಸಿಬಿಟ್ಟರು. ಮುಖಪುಟ ಬಿಟ್ಟು ತಮ್ಮ ಪುಸ್ತಕದ ಒಂದು ಹಾಳೆಯನ್ನೂ ಅವರು ಜನ್ಮದಲ್ಲಿ ಓದಿದವರಲ್ಲ. ಬಿಳಿ ಬಣ್ಣ ಆ ಕೊನೆಯ ಪುಟದ ಹತ್ತಿರವೂ ಸುಳಿದಿರಲಿಲ್ಲ.

ಪುಸ್ತಕ ಅಂಗಡಿಗಳಿಗೆ ಬಂತು. ಕೊನೆಯ ಪುಟದಲ್ಲಿ ಉಕ್ಕಿನ ಅಂಬಿಗ ಜಲಾಂತರ್ಗಾಮಿಯನ್ನು ತಲೆಯ ಮೇಲೆತ್ತಿ, ಮೈಯ ಸ್ನಾಯುಗಳೆಲ್ಲ ಉಬ್ಬಿರುವಾಗ, ಹೀಗೆಂದಿದ್ದ:

"ಬ್ಲೂಮಾ, ನಿಮ್ಮ ಸೌತೆಕಾಯಿಗೆ ಉಪ್ಪು ಜಾಸ್ತಿ. ಆದ್ರೂ ಸಾಯೋವರ್ಗೂ ತಿನ್ತೀನಿ. ನನ್ನ ಮದುವೆ ಆಗ್ತೀರಾ?"

ಕೆಳಗೆ ನೀರಲ್ಲಿ ಮುಳುಗುತ್ತಿದ್ದ ನಾಜಿ ಕಪ್ತಾನ, "ಇರ್ವಿಂಗ್ ಒಪ್ಪಬೇಕಲ್ಲಪ್ಪಾ" ಎಂದು ಕೈ ಮೇಲೆತ್ತಿದ್ದ.

ದೇವರೇ, ಆ ದಿನ! ದೇಶದ ಮೂಲೆಮೂಲೆಯ ಮಕ್ಕಳು, ಬ್ಯಾರಕ್ಕುಗಳಲ್ಲಿದ್ದ ಸೈನಿಕರು, ಎಲ್ಲರೂ ಲೈಬ್ ಅಂಕಲ್‌ರ ಎದೆಯೊಳಗಿನದನ್ನು ಓದಿಬಿಟ್ಟರು. ನಾನು ನಕ್ಕು ನಕ್ಕು ಮಸಿಯ ಬಾಟಲಿ ಉರುಳಿಸಿದೆ. ಆಮೇಲೆ ಅವರ ಮುಖ ನೋಡಿ ನನಗೆ ಅಳು ಬಂತು. ಅವರು ತಮ್ಮ ಕೋಟು ತೊಟ್ಟು, ತೆಗೆದು, ಮತ್ತೆ ತೊಟ್ಟು, ಕೊನೆಗೆ ಎಲ್ಲಿಗೂ ಹೋಗದೆ ಕೋಟಿನಲ್ಲೇ ಕೂತು ಅಕ್ಷರ ಬರೆದರು. ಕಾಸ್ಡನ್ ಮೊದಲು ಕೂಗಾಡಿದರು. ಪುಸ್ತಕ ಬಿಸಿ ಬ್ರೆಡ್ಡಿನಂತೆ ಖರ್ಚಾದಾಗ, ಮುಂದಿನ ಸಂಚಿಕೆಯಲ್ಲಿ ಅಂಬಿಗ ಸೂಪಿನ ಬಗ್ಗೆ ಏನಾದರೂ ಹೇಳಲಿ ಎಂದರು.

ಬೀದಿಯಲ್ಲಿದ್ದವರೆಲ್ಲ ಆ ಪುಟ ಹಿಡಿದು ಬ್ಲೂಮಾರ ಅಂಗಡಿಗೆ ನುಗ್ಗಿದ್ದರು. ಬ್ಲೂಮಾ ಓದಿದರು, ಪುಸ್ತಕ ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟರು, ಮುಂದೆ ಯಾರಿಗೆ ಸೂಪು ಎಂದು ಕೇಳಿದರು. ಅಷ್ಟೇ. ಹೂಂ ಇಲ್ಲ, ಉಹೂಂ ಇಲ್ಲ.

ಲೈಬ್ ಅಂಕಲ್ ಮಾನ ಹೋಯಿತೆಂದು ಹಿಂಬಾಗಿಲ ಮೆಟ್ಟಿಲು ಹಿಡಿದರು. ಊಟದಂಗಡಿಯ ಕಡೆ ತಲೆಹಾಕದೆ, ಮೇಜಿನಲ್ಲೇ ಒಣ ಬ್ರೆಡ್ಡು ಈರುಳ್ಳಿ ತಿಂದುಕೊಂಡು ದಿನ ದೂಡಿದರು. ಕೆಳಗಿನ ಊಟವೂ ಆ ದಿನಗಳಲ್ಲಿ ಹೇಳಿಕೊಳ್ಳುವಂತಿರಲಿಲ್ಲ ಬಿಡಿ. ಯುದ್ಧಕಾಲ, ಎಲ್ಲಕ್ಕೂ ಪಡಿತರ ಚೀಟಿ. ಕಾಫಿ ನೀರುನೀರು, ಮಾಂಸದ ಹೋಳಿನಾಚೆಗೆ ಕಿಟಕಿ ಕಾಣುವಷ್ಟು ತೆಳು, ಸೌತೆಕಾಯಿ ಕೂಡ ಸಪ್ಪೆ. ಯುದ್ಧದಲ್ಲಿ ಹುಡುಗರು ಸಾಯುತ್ತಿರುವಾಗ ಊಟದ ಬಗ್ಗೆ ಗೊಣಗುವುದು ಚೆನ್ನಾಗಿರುವುದಿಲ್ಲವೆಂದು ನಾವು ಸುಮ್ಮನೆ ತಿಂದೆವು.

ವಸಂತ ಬಂತು. ಒಂದು ಮಧ್ಯಾಹ್ನ ಕೆಳಗಿನಿಂದ ಬ್ಲೂಮಾರ ಕಿರುಚಾಟ ಕೇಳಿ ನಾವು ಕುಂಚ ಎಸೆದು ಓಡಿದೆವು. ಅಂಗಡಿಯ ನಡುವೆ ಬಿಸಿಲಿಗೆ ಕಪ್ಪಾದ ನಾವಿಕನೊಬ್ಬನನ್ನು ಅವರು ತಬ್ಬಿ ಹಿಡಿದಿದ್ದರು, ಅವನ ಟೋಪಿ ಸೂಪಿನ ಪಾತ್ರೆಗೆ ಬಿದ್ದಿತ್ತು. ಇರ್ವಿಂಗ್ ರಜೆಯ ಮೇಲೆ ಬಂದಿದ್ದ. ಮೈ ಕೈ ಎಲ್ಲ ಸರಿಯಾಗಿತ್ತು. ನಾನೂ ಅತ್ತುಬಿಟ್ಟೆ, ಯಾರ ಮಗನೆಂದು ಮರೆತು.

ಅಮ್ಮನ ತೋಳಿನಿಂದ ಬಿಡಿಸಿಕೊಂಡವನೇ ಅವನು ಅಂಗಿಯೊಳಗಿಂದ ಒಂದು ಪುಸ್ತಕ ತೆಗೆದ. ಮುಖಪುಟ ಹೋಗಿತ್ತು, ಅಂಚೆಲ್ಲ ಚಿಂದಿ, ಆದರೆ ಅಂಬಿಗ ಇನ್ನೂ ಜಲಾಂತರ್ಗಾಮಿ ಎತ್ತಿಕೊಂಡೇ ಇದ್ದ.

"ಇದನ್ನ ಬರ್ದೋರು ಯಾರು?"

ನಾವು ಮೇಲೆ ಓಡಿ, ಮೇಜಿನ ಕೆಳಗೆ ಏನೋ ಹುಡುಕುತ್ತಿರುವಂತೆ ನಟಿಸುತ್ತಿದ್ದ ಲೈಬ್ ಅಂಕಲ್‌ರನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದೆವು. ಅವರ ಮುಖ ಬಿಳಿ ಬಣ್ಣ ಬಳಿದ ಹಾಗಿತ್ತು.

"ನಾನ್ಯಾವತ್ತು ಸ್ವಾಮಿ ಒಪ್ಪಲ್ಲ ಅಂದೆ?" ಎಂದ ಇರ್ವಿಂಗ್. "ನನ್ನನ್ನ ಯಾರಾದ್ರೂ ಕೇಳಿದ್ರಾ? ಬ್ಲೂಮಾ ನಮ್ಮಮ್ಮ ಅಂತ ಹಡಗಲ್ಲಿ ಬಾಯ್ತಪ್ಪಿ ಹೇಳ್ಬಿಟ್ಟೆ. ಅವತ್ತಿಂದ ನಿದ್ದೆ ಮಾಡಕ್ಕೆ ಬಿಟ್ಟಿಲ್ಲ. ಈ ಮದುವೆ ಆಗಲ್ಲ ಅಂತ ಅಡುಗೆಯವನು ಸಿಗರೇಟು ಪಂದ್ಯ ಕಟ್ಟಿದಾನೆ, ಫಿರಂಗಿ ಹಾರಿಸೋರೆಲ್ಲ ಆಗುತ್ತೆ ಅಂತ. ಉತ್ತರ ತರದಿದ್ರೆ ವಾಪಸ್ ಹತ್ತಿಸ್ಕೊಳ್ಳಲ್ವಂತೆ. ಏನಂದೆ ಅಮ್ಮಾ ನೀನು?"

ಬ್ಲೂಮಾ ಕಣ್ಣೊರೆಸಿಕೊಂಡು ಜಾಡಿಯ ಹತ್ತಿರ ಹೋದರು. ಒಂದು ಸೌತೆಕಾಯಿ ತೆಗೆದು ತಟ್ಟೆಯಲ್ಲಿಟ್ಟು ಲೈಬ್ ಅಂಕಲ್‌ರ ಮುಂದೆ ಸರಿಸಿದರು.

"ತಿನ್ನಿ."

ಲೈಬ್ ಅಂಕಲ್ ಅಭ್ಯಾಸದಂತೆ ನೀರಿನ ಲೋಟ ಹತ್ತಿರಕ್ಕೆಳೆದುಕೊಂಡು ಕಚ್ಚಿದರು. ಅಗಿದರು. ಲೋಟದತ್ತ ಹೋದ ಕೈ ನಡುವೆಯೇ ನಿಂತಿತು.

"ಉಪ್ಪು ಜಾಸ್ತಿ ಇಲ್ಲ" ಎಂದರು, ಮೋಸ ಹೋದವರಂತೆ.

"ಪುಸ್ತಕ ಬಂದ ಮಾರನೇ ದಿನವೇ ಹೊಸ ಜಾಡಿ ಹಾಕ್ದೆ. ಚಳಿಗಾಲವೆಲ್ಲ ಹಾಕ್ತಾನೇ ಇದ್ದೆ. ಬಂದು ತಿಂದಿದ್ರೆ ತಾನೇ ಗೊತ್ತಾಗೋದು?"

ಚಳಿಗಾಲವೆಲ್ಲ ಆ ಉತ್ತರವನ್ನು ನಾವು ಅಗಿದು ನುಂಗಿದ್ದೆವು, ಉಪ್ಪಿಗೂ ಪಡಿತರ ಬಂತೆಂದುಕೊಂಡು! ಇರ್ವಿಂಗ್ ನಗುತ್ತಾ ಕುರ್ಚಿಯ ಮೇಲೆ ಕುಸಿದ. ಅಡುಗೆಯವನ ಸಿಗರೇಟು ಹೋಯಿತೆಂದ. ಬ್ಲೂಮಾ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಲೈಬ್ ಅಂಕಲ್ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ತಟ್ಟೆಯನ್ನು ಮುಂದಕ್ಕೆ ತಳ್ಳಿ ಇನ್ನೊಂದು ಸೌತೆಕಾಯಿ ಕೇಳಿದರು.