ಬಿಳಿ ಅಂಬಾಸಿಡರಿನ ಚೀಟಿ

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಗಂಡ ಮಲಕಾಜಪ್ಪ ತೀರಿಕೊಂಡಾಗ ಗಿರಿಜಾಬಾಯಿಯ ಪಾಲಿಗೆ ಉಳಿದದ್ದು ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯಲ್ಲಿ, ಕುಂಭಾರಿಯ ಹತ್ತಿರ, ಮಾರಾಟಕ್ಕೆ ನಿಂತ ಹನ್ನೊಂದು ಹಳೆಯ ಮೋಟಾರುಗಳು ಮತ್ತು ಡಬ್ಬಿ ತುಂಬ ಕೀಲಿಕೈ. ಯಾವ ಕೀಲಿ ಯಾವ ಗಾಡಿಯದು, ಯಾವುದಕ್ಕೆ ಏನು ರೋಗ, ಎಲ್ಲವನ್ನೂ ಆ ಮನುಷ್ಯ ತಲೆಯಲ್ಲೇ ಇಟ್ಟುಕೊಂಡಿದ್ದ. ಹೋಗುವಾಗ ಜೊತೆಗೇ ಒಯ್ದ. ಇಂಥ ಗಂಡಸರಿಗೆ ಏನನ್ನಬೇಕು!

ಜಾಗ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ನವಿ ಪೇಠದ ಬಟ್ಟೆ ಅಂಗಡಿಯಿಂದ ಮೈದುನ ಶಾಂತಪ್ಪ ಬಂದು ನಿಂತ.

"ವೈನಿ, ಹೆಣಮಕ್ಕಳು ಮೋಟಾರ ಮಾರಿದ್ದು ಎಲ್ಲೆರೆ ಕೇಳೀರೇನ? ದೀಪಾವಳಿ ತನಕ ಆ ಬಿಳಿ ಅಂಬಾಸಿಡರ್ ಹೋಗಲಿಲ್ಲಂದ್ರ ಎಲ್ಲಾ ಗುಜರಿ ಭಂಗಾರದಂವಗ ತೂಕಕ್ಕ ಹಾಕಿ ಜಾಗಾ ಖಾಲಿ ಮಾಡಸ್ತೀನಿ."

"ಹೋದ್ರ?"

"ಹೋದ್ರ ನೀವ ನಡಸ್ರಿ. ನಾ ಅಡ್ಡ ಬರಂಗಿಲ್ಲ."

ಗಿರಿಜಾಬಾಯಿ ಅಕ್ಕಲಕೋಟದ ಮಗಳು, ನಾಲ್ಕನೆಯ ಇಯತ್ತೆ ಓದಿದವಳು. ಮೈದುನನ ಅಂಗಡಿಯಲ್ಲಿ ಪ್ರತಿ ಗಂಟಿಗೂ ಚೀಟಿ ಕಟ್ಟುವುದನ್ನು ನೋಡಿದ್ದಳು. ಯಾವ ಕೀಲಿ ಯಾವ ಗಾಡಿಗೆ ಹತ್ತುತ್ತದೆಂದು ಹಾಕಿ ನೋಡಿ, ಸೀರೆಯ ಡಬ್ಬಿಗಳ ರಟ್ಟು ಕತ್ತರಿಸಿ ಒಂದೊಂದು ಕೀಲಿಗೆ ಒಂದೊಂದು ಕಟ್ಟಿದಳು. ಚೀಟಿಯ ಮುಂದೆ, ಗಾಡಿ ಬಂದ ದಿನ, ಆದ ರಿಪೇರಿ. ಹಿಂದೆ, ಯಾರು ನೋಡಿಹೋದರು, ಯಾಕೆ ಬಿಟ್ಟರು. ಹಲಗೆಗೆ ಮೊಳೆ ಹೊಡೆದು, ಹೆಚ್ಚು ದಿನ ನಿಂತ ಗಾಡಿಯ ಕೀಲಿ ಎಲ್ಲಕ್ಕಿಂತ ಮೇಲೆ.

ಗಾಡಿ ರಿಪೇರಿಯ ಮಿಸ್ತ್ರಿ ನಿಂಗಣ್ಣ, ಕುರುಬರ ಮನೆಯವನು, ನಕ್ಕ. "ಅಕ್ಕಾರ, ನಮ್ಮಪ್ಪ ಇನ್ನೂರು ಕುರಿ ಕಾದಾನ. ಒಂದಕ್ಕರೆ ಚೀಟಿ ಕಟ್ಟಿಲ್ಲ."

"ನಿಮ್ಮ ಕುರಿ ಹಸದ್ರ ಒದರತಾವು. ಇವು ಒದರತಾವೇನೋ?"

ದಸರೆಯೊಳಗೆ ನಾಲ್ಕು ಗಾಡಿ ಹೋದವು. ಮೇಲಿನ ಮೊಳೆಯ ಅಂಬಾಸಿಡರ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ನಿಂಗಣ್ಣ ಇಂಜಿನ್ ಬಿಚ್ಚುತ್ತೇನೆಂದು ಪಾನಾ ಹಿಡಿದು ನಿಂತ. ಗಿರಿಜಾಬಾಯಿ ಚೀಟಿ ತಿರುವಿದಳು. ಏಳು ಗಿರಾಕಿ.

"ತಡಿ. ಇಂಜಿನ್ ಕೆಟ್ಟದ ಅಂತ ಒಬ್ಬರೂ ಅಂದಿಲ್ಲ. ಏಳೂ ಮಂದಿ ಒಳಗ ಕುಂದರದನ ಹೊಳ್ಳಿ ಹೋಗ್ಯಾರ. ಏನ ಕೇಳತಾರ ಅವರು?"

"ಮೊದಲ ಯಾರು ಹೊಡೀತಿದ್ರು ಅಂತಾರ್ರಿ."

"ನೀ ಏನಂತಿ?"

ನಿಂಗಣ್ಣ ಎದೆಯುಬ್ಬಿಸಿದ. "ನಮ್ಮ ಧಣ್ಯಾರು ಕಡೀಗಿ ದವಾಖಾನಿಗಿ ಹೋಗಿದ್ದು ಇದರಾಗರಿ, ಅಂಥಾ ಗಾಡಿ ಇದು, ಅಂತೀನಿ."

ಗಿರಿಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ, ಎರಡೂ ಇದ್ದವು. ಬೈಯಲಿಲ್ಲ. ಸುಳ್ಳು ಹೇಳು ಎನ್ನಲೂ ಇಲ್ಲ.

"ನಿನ್ನ ಮಗಳು ಅಕ್ಕಲಕೋಟದಾಗ ಹಡದಾಳಲ್ಲ? ಈ ಗಾಡ್ಯಾಗ ಕರಕೊಂಡ ಬಾ."

ನಿಂಗಣ್ಣನ ಮಗಳು ಸುಗಲಾಬಾಯಿ ಹಸುಗೂಸಿನೊಂದಿಗೆ ಅಂಬಾಸಿಡರಿನಲ್ಲಿ ಕುಂಭಾರಿಗೆ ಬಂದಳು. ಚೀಟಿಯ ಮೇಲೆ ಹೊಸ ಸಾಲು ಏರಿತು: ಕಡೆಗೆ ಕುಳಿತವರು, ಬಾಣಂತಿ ಮತ್ತು ಹನ್ನೆರಡು ದಿನದ ಕೂಸು.

ದೀಪಾವಳಿಗೆ ಐದು ದಿನವಿದ್ದಾಗ ವಳಸಂಗದ ಕಸ್ತೂರಬಾಯಿ ಗಂಡನನ್ನು ಕರೆದುಕೊಂಡು ಬಂದಳು. ಅದೇ ಪ್ರಶ್ನೆ. ನಿಂಗಣ್ಣ ಕೂಸಿನ ಸುದ್ದಿ ಹೇಳಿದ.

"ಅದಕೂ ಮೊದಲ?" ಎಂದಳು ಕಸ್ತೂರಬಾಯಿ.

ಈ ಸಲ ಗಿರಿಜಾಬಾಯಿಯೇ ಹೇಳಿದಳು. "ನಮ್ಮ ಯಜಮಾನ್ರು ದವಾಖಾನಿಗಿ ಹೋದ್ರು. ದಾರ್ಯಾಗ ಒಮ್ಮೆನೂ ನಿಲ್ಲಲಿಲ್ಲ ಇದು."

ಕಸ್ತೂರಬಾಯಿ ಕಿಟಕಿಯೊಳಗೆ ಇಣುಕಿದಳು. "ಕೂಸು ಹೆಣ್ಣೋ ಗಂಡೋ?"

"ಹೆಣ್ಣರಿ."

"ಲಕ್ಷ್ಮಿ ಕುಂತಾಳ ಬಿಡ್ರಿ," ಎಂದು ಬಾಗಿಲು ತೆಗೆದು ಕುಳಿತೇಬಿಟ್ಟಳು.

ಶಾಂತಪ್ಪ ಭಂಗಾರದವನನ್ನು ಜೊತೆಗೆ ಕರೆದುಕೊಂಡು ಬಂದಾಗ ಮೇಲಿನ ಮೊಳೆ ಬರಿದಾಗಿತ್ತು. ಹಲಗೆ ನೋಡಿದ, ವೈನಿಯನ್ನು ನೋಡಿದ, ಭಂಗಾರದವನಿಗೆ "ನಡಿಯಪಾ" ಎಂದ.

ಗಿರಿಜಾಬಾಯಿ ಆಗಲೇ, ಅದರ ನಂತರ ಹೆಚ್ಚು ದಿನ ನಿಂತಿದ್ದ ಫಿಯಾಟಿನ ಕೀಲಿಯನ್ನು ಆ ಮೊಳೆಗೆ ಏರಿಸುತ್ತಿದ್ದಳು.

"ಅಕ್ಕಾರ, ಇದರಾಗ ಯಾರನ್ನ ಕುಂದರಸೋಣ್ರಿ?"

"ಯಾರನೂ ಬ್ಯಾಡ. ಐದು ಮಂದಿ ಬಾಗಲಾ ಕಿರ್ ಅಂತದ ಅಂದಾರ. ಎಣ್ಣಿ ಹಾಕು, ನಡಿ."