ಮಾಳಿಗೆಯೆತ್ತರ ಹಾರಿದ ನರ್ಸ್ ಬಾಯಿ

ನರ್ಸ್ ಬಾಯಿಯವರ ಅಂಗೈ ಕಡುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಜ್ವರ ಬಂದ ಕೂಸುಗಳು ಆ ಕೈಯನ್ನು ಹಣೆಯ ಮೇಲಿಂದ ತೆಗೆಯಗೊಡುತ್ತಿರಲಿಲ್ಲ. ರಾಮಥಾಳದ ಹತ್ತಿರದ ಆ ಹಳ್ಳಿಗೆ ನಾನು ಕೃಷಿ ಇಲಾಖೆಯ ಸಹಾಯಕನಾಗಿ ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ದವಾಖಾನೆಗೆ ಹೊಂದಿಕೊಂಡಿದ್ದ ಅವರ ಮನೆಯ ಪಕ್ಕದ ಕೋಣೆಯೇ ನನ್ನ ಬಿಡಾರ. ಅವರಿಗೆ ಆಗಲೇ ನಲವತ್ತು ದಾಟಿತ್ತು. ಡಾಕ್ಟರು ಹುನಗುಂದದಿಂದ ವಾರಕ್ಕೊಮ್ಮೆ ಬರುವವರು. ಉಳಿದ ದಿನ ಸುತ್ತಲಿನ ಊರುಗಳಿಗೆಲ್ಲ ಇವರೇ.

ಸೂಜಿ ಚುಚ್ಚುವ ಮೊದಲು ಎಲ್ಲರಿಗೂ ಅವರದು ಒಂದೇ ಪ್ರಶ್ನೆ: "ನಿನ್ನಿ ಏನ್ ಕನಸ ಬಿದ್ದಿತ್ತು?" ನೆನಪಿಸಿಕೊಳ್ಳುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ಆದರೂ ಕನಸನ್ನು ಪೂರ್ತಿ ಕೇಳದೆ ಯಾರನ್ನೂ ಕಳಿಸುತ್ತಿರಲಿಲ್ಲ. ನಿಮಗೇನು ಕನಸು ಬೀಳುತ್ತದೆ ಎಂದು ನಾನೊಮ್ಮೆ ಕೇಳಿದೆ. ಹತ್ತಿ ಹೊಲದ ಮೇಲೆ ತೇಲುತ್ತ ಹೋಗುವುದು, ಗಿಡದ ತುದಿ ಅಂಗಾಲಿಗೆ ತಾಕುವುದು, ಅಷ್ಟೇ ಎಂದರು. ಹೇಳುವಾಗ ಅವರ ನೋಟ ಎಲ್ಲೋ ಇತ್ತು.

ಆ ವರ್ಷ ಹತ್ತಿಗೆ ಕಾಯಿಕೊರಕ ಬಿದ್ದು, ಔಷಧ ಸಿಂಪಡಿಸಲು ಒಂದು ಸಣ್ಣ ಹೆಲಿಕಾಪ್ಟರ್ ಬಂತು. ಮುಂದೆ ಗಾಜಿನ ಗುಮ್ಮಟ, ಒಳಗೆ ಎರಡೇ ಸೀಟು. ಪೈಲಟ್ ಪುಣೆ ಕಡೆಯವರು. ಅದು ಇಳಿಯುವ ಜಾಗಕ್ಕೆ ಸುಣ್ಣದಿಂದ ದುಂಡನೆಯ ಗೆರೆ ಎಳೆದು, ಗಾಳಿಯ ದಿಕ್ಕು ತಿಳಿಯಲು ಬಿದಿರಿಗೆ ಬಟ್ಟೆ ಕಟ್ಟಿ ನಿಲ್ಲಿಸುವುದು ನನ್ನ ಕೆಲಸ. ನಸುಕಿನಲ್ಲಿ ಹೊಲಗಳ ಮೇಲೆ ಔಷಧದ ಬಿಳಿ ಮಂಜು ಇಳಿಯುತ್ತಿದ್ದರೆ ನರ್ಸ್ ಬಾಯಿ ದವಾಖಾನೆಯ ಕಟ್ಟೆಯ ಮೇಲೆ ನಿಂತು ಚಹಾ ಆರುವ ತನಕ ನೋಡುತ್ತಿದ್ದರು.

ಒಂದು ದಿನ ಹೆಲಿಕಾಪ್ಟರಿನ ಜೊತೆ ಬಂದಿದ್ದ ಮೆಕ್ಯಾನಿಕ್‌ನ ಕಣ್ಣಿಗೆ ಔಷಧ ಸಿಡಿಯಿತು. ಬಾಯಿಯವರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಬಿಡದೆ ನೀರು ಬಿಟ್ಟರು. ಕಣ್ಣು ಉಳಿಯಿತು. ನಿಮಗೆ ಏನು ಕೊಡಲಿ ಎಂದು ಪೈಲಟ್ ಕೇಳಿದಾಗ ಅವರು ನಾಚಿಕೊಂಡೇ ಹೇಳಿದರು: "ಒಮ್ಮಿ ಮ್ಯಾಲ ಕರಕೊಂಡ ಹೋಗ್ರಿ."

ಕೊನೆಯ ದಿನ ಸಿಂಪಡಣೆ ಮುಗಿದ ಮೇಲೆ ಪೈಲಟ್ ಅವರನ್ನು ಕರೆದರು. ಬಾಯಿಯವರು ಇಳಕಲ್ಲ ಸೀರೆ ಉಟ್ಟು ಬಂದಿದ್ದರು. ಊರೆಲ್ಲ ದೂರದಲ್ಲಿ ನಿಂತಿತ್ತು. ನನಗೊಬ್ಬನಿಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ಹಿಂದಿನ ದಿನ ಆಳುಗಳು ಔಷಧದ ಖಾಲಿ ಡ್ರಮ್ಮುಗಳನ್ನು ದೂರ ಒಯ್ಯಲು ಬೇಸರಪಟ್ಟಾಗ, ಸುಣ್ಣದ ಗೆರೆಯೊಳಗೇ ತೊಳೆಯಿರಿ ಎಂದಿದ್ದವನು ನಾನು. ಆ ನೀರಿಗೆ ಜಿಗುಟಾದ ಎರೆ ಮಣ್ಣು ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇತ್ತು. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ.

ರೆಕ್ಕೆ ತಿರುಗಿತು. ಯಂತ್ರದ ಎಡಗಾಲು ಎದ್ದಿತು, ಬಲಗಾಲನ್ನು ಮಣ್ಣು ಬಿಡಲಿಲ್ಲ. ಪೈಲಟ್ ಇನ್ನಷ್ಟು ಜೋರು ಮಾಡಿದಾಗ ಮಣ್ಣು ಒಮ್ಮೆಲೇ ಬಿಟ್ಟುಕೊಟ್ಟಿತು. ಯಂತ್ರ ಓರೆಯಾಗಿ ಮಾಳಿಗೆಯೆತ್ತರಕ್ಕೆ ಜಿಗಿದು, ಒಂದು ಕ್ಷಣ ಅಲ್ಲೇ ತೂಗಿದಂತಾಗಿ, ಮಗ್ಗುಲಾಗಿ ಬಿತ್ತು. ರೆಕ್ಕೆ ನೆಲಕ್ಕೆ ಬಡಿದು ತುಂಡಾಯಿತು. ಧೂಳು ನಿಧಾನವಾಗಿ ಇಳಿಯುತ್ತಿತ್ತು; ಯಾರೂ ಕದಲಲಿಲ್ಲ.

ಮೊದಲು ಕೇಳಿದ್ದು ಒಳಗಿನಿಂದ ನರ್ಸ್ ಬಾಯಿಯ ದನಿ. ಕಾಲ ಬೆರಳು ಆಡಿಸಿರೆಂದು ಪೈಲಟ್‌ಗೆ ಹೇಳುತ್ತಿದ್ದರು. ಅವರನ್ನು ಹೊರಗೆಳೆದಾಗ ಅವರ ಎಡ ಮಣಿಕಟ್ಟು ಮುರಿದು ಜೋತಿತ್ತು. ಪೆಟ್ರೋಲ್ ವಾಸನೆ ಇದೆ, ಬೀಡಿಯವರನ್ನು ಹತ್ತಿರ ಬಿಡಬೇಡ ಎಂದು ನನಗೆ ಹೇಳಿದರು. ನನ್ನ ಬಿದಿರನ್ನೇ ಮುರಿಸಿ, ಒಂದೇ ಕೈಯಲ್ಲಿ ಪೈಲಟ್‌ನ ಮುರಿದ ಕಾಲಿಗೆ ಕಟ್ಟಿದರು. ಬಾಗಲಕೋಟೆಯ ದವಾಖಾನೆ ಮುಟ್ಟುವವರೆಗೆ ಜೀಪಿನಲ್ಲಿ ಆ ಕಾಲನ್ನು ಹಿಡಿದು ಕೂತರು.

ವಾರದ ಮೇಲೆ ವಿಚಾರಣೆಗೆ ಸಾಹೇಬರು ಬಂದು ಊರ ಸಾಲೆಯಲ್ಲಿ ಕೂತರು. ಹೆಲಿಕಾಪ್ಟರಿನಲ್ಲಿ ತಾನೊಬ್ಬನೇ ಇದ್ದೆನೆಂದು ಪೈಲಟ್ ಹೇಳಿಕೆ ಕೊಟ್ಟಿದ್ದರು. ಪರವಾನಗಿ ಇಲ್ಲದೆ ಹತ್ತಿದ ಬಾಯಿಯವರ ನೌಕರಿಗೆ ತೊಂದರೆಯಾಗಬಾರದು, ಸುಮ್ಮನಿರಲಿ ಎಂದು ಮೆಕ್ಯಾನಿಕ್ ಕೈಯಲ್ಲಿ ಹೇಳಿಯೂ ಕಳಿಸಿದ್ದರು. ನನಗೂ ಅದು ಅನುಕೂಲವಾಗಿತ್ತು. ನೆಲ ಹಸಿಯಿದ್ದುದನ್ನು ಯಾರೂ ಕೇಳದೆ, ಹಾರಿಸಿದವರ ತಪ್ಪೆಂದು ಮುಗಿದುಹೋಗುತ್ತಿತ್ತು.

ಸಾಲೆಗೆ ಹೋಗುವ ದಾರಿಯಲ್ಲಿ, ಕೊರಳಿಗೆ ಕೈ ತೂಗುಹಾಕಿಕೊಂಡ ಬಾಯಿಯವರು ನನ್ನ ಮುಖ ನೋಡದೆ ಹೇಳಿದರು: "ತಮ್ಮಾ, ಹತ್ತುಮುಂದ ನನ್ನ ಚಪ್ಪಲಿಗೆ ಕೆಸರ ಹತ್ತಿತ್ತು. ಮಳಿ ಆಗಿ ಎರಡ ತಿಂಗಳಾತಲ್ಲ."

ಅಷ್ಟೇ. ಒಳಗೆ ಹೋಗಿ ಸಾಹೇಬರ ಮುಂದೆ ನಿಂತು, "ನಾನೂ ಒಳಗ ಕುಂತಿದ್ನಿರಿ. ನಾ ಕೇಳಿದ್ದಕ್ಕ ಅವರು ಕೂಡಿಸಿಕೊಂಡ್ರು" ಎಂದರು. ಕೆಸರಿನ ಮಾತು ಆಡಲಿಲ್ಲ. ಹೊರಬಂದು ಕಟ್ಟೆಯ ಮೇಲೆ ಕೂತರು. ಆಮೇಲೆ ನನ್ನನ್ನು ಕರೆದರು. ಡ್ರಮ್ಮು ತೊಳೆಸಿದ್ದು ನಾನು ಎಂದೆ.

ಪೈಲಟ್‌ಗೆ ಕೆಲವು ತಿಂಗಳು ಹಾರಾಟ ತಪ್ಪಿತು, ನೌಕರಿ ಉಳಿಯಿತು. ನನಗೆ ಎಚ್ಚರಿಕೆಯ ಪತ್ರ ಬಂತು, ಬಾಯಿಯವರಿಗೆ ಬಾದಾಮಿ ಕಡೆಗೆ ವರ್ಗವಾಯಿತು. ಮಣಿಕಟ್ಟು ನೆಟ್ಟಗೆ ಕೂಡಲಿಲ್ಲ. ಆ ಕೈಯಿಂದಲೇ ಎಷ್ಟೋ ಹೆರಿಗೆ ಮಾಡಿಸಿದರು.

ಎಂಬತ್ತರ ದಶಕದ ಕೊನೆಗೆ ಅವರು ಹಾಸಿಗೆ ಹಿಡಿದರೆಂದು ತಿಳಿದು ಅಮೀನಗಡದ ಕರದಂಟು ತೆಗೆದುಕೊಂಡು ಬಾದಾಮಿಗೆ ಹೋದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚಪ್ಪರಿಸಿದರು. ಆ ದಿನ ಮೇಲಿನಿಂದ ಏನು ಕಂಡಿತು ಎಂದು ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಭಾಳ ಹೊತ್ತು ಮ್ಯಾಲ ಇದ್ದಂಗ ಅನಿಸ್ತು ನೋಡು. ದವಾಖಾನಿ ಮಾಳಿಗಿ ಕಂಡ್ತು, ಅದರಾಚೆ ಹತ್ತಿ ಹೊಲ, ಎಲ್ಲಾ ಹಸರ," ಎಂದರು. ಮತ್ತೆ ಹೇಳಿದರು: "ನೀನೂ ಕಂಡಿ. ಎರಡೂ ಕೈ ಎತ್ತಿ ಬ್ಯಾಡ ಬ್ಯಾಡ ಅನಕೋತ ಓಡಿ ಬರಾಕತ್ತಿದ್ದಿ."

ನನಗೆ ಅಂಥದೊಂದು ನೆನಪೇ ಇಲ್ಲ. ಕಲ್ಲಿನಂತೆ ನಿಂತಿದ್ದೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಹೌದೇನ್ರಿ ಬಾಯಾರ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು.

ಹದಿನೈದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ನೌಕರಿಯಲ್ಲಿ ಆಮೇಲೂ ನನ್ನಿಂದ ತಪ್ಪುಗಳಾದವು. ಪ್ರತಿ ಸಲ ವರದಿ ಬರೆಯುವಾಗ ಮೊದಲ ಸಾಲಿನಲ್ಲೇ ನನ್ನ ಹೆಸರು ಬರೆದೆ, ಉಳಿದವರದು ಆಮೇಲೆ. ಆ ದಿನ ಓಡಿದ್ದೆನೋ ಇಲ್ಲವೋ ಈಗಲೂ ತಿಳಿಯದು. ನರ್ಸ್ ಬಾಯಿ ಮಾತ್ರ ಯಾರಿಗೂ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.