ನೆತ್ತಿಯ ಮೇಲಿನ ಕೈ

ಬಿಸಿ ಮಾಡಿದ ಔಡಲೆಣ್ಣೆಯ ವಾಸನೆ ಎಲ್ಲಿ ಬಂದರೂ ತಿರ್ಲಾಪುರದ ನಮ್ಮ ಹಳೇ ಮನೆಯ ಬಚ್ಚಲು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಎರಡೂ ಕಾಲು ಚಾಚಿ ಕೂತ ನಮ್ಮ ಆಯಿ, ಅಪ್ಪನ ತಾಯಿ. ಅವಳ ಕಾಲ ಮೇಲೆ ಕಿರುಚುವ ಒಂದು ಕೂಸು. ಬಾಗಿಲಲ್ಲಿ ಲೋಬಾನದ ಹೊಗೆ ಹಿಡಿದು ನಿಂತ ನಾನು. ಓಣಿಯ ಅರ್ಧ ಮಂದಿ ಅವಳ ಕಾಲ ಮೇಲೆ ಮಲಗಿಯೇ ದೊಡ್ಡವರಾದವರು. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಕೊನೆಗೆ ಕೂಸಿನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ದುಂಡಗೆ ತೀಡುತ್ತಿದ್ದಳು. ಯಾರದಾದರೂ ದುಂಡು ತಲೆ ಕಂಡರೆ ಅದು ತನ್ನದೇ ಕೆಲಸ ಎಂಬ ಜಂಬ ಬೇರೆ. ಹೆತ್ತವರದು ಅದರಲ್ಲಿ ಏನೂ ಪಾಲಿಲ್ಲದಂತೆ ಮಾತಾಡುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ತಮ್ಮ ಬಸು ಹುಟ್ಟಿದ. ಮೂರನೆಯ ವಾರವೋ ನಾಲ್ಕನೆಯದೋ, ಎರೆಯುತ್ತಿದ್ದ ಆಯಿಯ ಕೈ ಅವನ ತಲೆಯ ಮೇಲೆ ನಿಂತುಬಿಟ್ಟಿತು. ನಡುನೆತ್ತಿಯ ಉದ್ದಕ್ಕೂ ಒಂದು ಏಣು ಬೆರಳಿಗೆ ಹತ್ತುತ್ತದೆ, ಮೆತ್ತಗಿರಬೇಕಾದ ಜಾಗವೇ ಸಿಗುತ್ತಿಲ್ಲ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೋಡಲು ಬಂದ ಹೆಂಗಸರು ನೆತ್ತಿ ಲಗೂ ಗಟ್ಟಿಯಾಯಿತೆಂದು ಹೊಗಳಿ ಹೋದರು. ಆಯಿ ಮಾತ್ರ ದಿನಾ ಎಣ್ಣೆ ಇಟ್ಟು ಆ ಏಣನ್ನು ತೀಡಿ ತೀಡಿ ನೋಡಿದಳು. ಅದು ಕರಗಲಿಲ್ಲ. ತಲೆ ಅಗಲಕ್ಕೆ ಬೆಳೆಯದೆ ಹಿಂದಕ್ಕೂ ಮುಂದಕ್ಕೂ ಬೆಳೆಯಿತು. ಕಲಘಟಗಿ ತೊಟ್ಟಿಲಲ್ಲಿ ಮಲಗಿಸಿದರೆ ಒಂದೇ ಮಗ್ಗುಲಿಗೆ ಹೊರಳಿಕೊಳ್ಳುತ್ತಿತ್ತು. ಮೂರು ತಿಂಗಳಿಗೆ ಅದು ಎಲ್ಲರ ಕಣ್ಣಿಗೂ ಬಿತ್ತು, ಆಗ ಅವ್ವನ ಬಾಯಿಂದ ಆ ಮಾತು ಬಂದೇ ಬಂತು.

"ನೀವು ಒತ್ತಿ ಒತ್ತಿ ಹಿಂಗ ಮಾಡಿದ್ರಿ, ಅತ್ತಿ."

ಆಯಿ ಮರುದಿನದಿಂದ ಎರೆಯುವುದನ್ನೇ ಬಿಟ್ಟಳು, ಬಸುಗೂ, ಓಣಿಯ ಯಾವ ಕೂಸಿಗೂ. ಕರೆಯಲು ಬಂದವರಿಗೆ ಸೊಂಟ ನೋವು ಎಂದಳು. ಅದೇ ಸೊಂಟದ ಮೇಲೆ ದಿನಾ ತುಂಬಿದ ಕೊಡ ಹೊತ್ತು ತರುತ್ತಿದ್ದದ್ದನ್ನು ನಾನು ನೋಡುತ್ತಿದ್ದೆ. ಅವ್ವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಆ ಮಾತು ನಿಜವೇ ಆಗಿದ್ದರೆ ಎಂಬ ಹೆದರಿಕೆಯೂ ಇತ್ತು.

ಎಲ್ಲರೂ ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ಕೂಸಿನ ತಲೆಬುರುಡೆಯ ಎಲುಬುಗಳ ನಡುವೆ ಸಂದು ಇರುತ್ತದೆ, ಮಿದುಳು ಬೆಳೆದಂತೆ ಅವು ಜಾಗ ಬಿಡಬೇಕು, ಇವನದು ಒಂದು ಸಂದು ಮೊದಲೇ ಕೂಡಿಕೊಂಡಿದೆ, ಆಪರೇಷನ್ ಮಾಡಿ ಬಿಡಿಸಬಹುದು ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಅಪ್ಪ ಆಪರೇಷನ್ ಬಗ್ಗೆ ಏನೇನೋ ಕೇಳಿದ. ಆಯಿಗೆ ಕೇಳಬೇಕಾದದ್ದು ಒಂದೇ ಇತ್ತು. ಬಾಗಿಲ ಬಳಿಯಿಂದಲೇ ಕೇಳಿದಳು.

"ನನ್ನ ಕೈಲೆ ಆತೇನ್ರಿ ಇದು?"

"ಇಲ್ರಿ ಅಜ್ಜಿ. ಹೊಟ್ಟ್ಯಾಗ ಇದ್ದಾಗನ ಕೂಡೇತಿ. ಒತ್ತಿದ್ರ ಆಗೂದಲ್ಲ, ಒತ್ತಿದ್ರ ಹೋಗೂದೂ ಅಲ್ಲ," ಎಂದ ಡಾಕ್ಟರಮ್ಮ, ಇದನ್ನು ಮೊದಲು ಗುರುತಿಸಿದವರು ಯಾರು ಎಂದು ಕೇಳಿದರು.

ಅವ್ವ ತಲೆ ತಗ್ಗಿಸಿಕೊಂಡೇ ಆಯಿಯ ಕಡೆ ಕೈ ತೋರಿಸಿದಳು. ಆಯಿ ಅಲ್ಲೇ ಗೋಡೆಗೆ ಆತು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗಂತೂ ಎಷ್ಟು ಹಗುರಾಯಿತೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ ಬೇಕೇ ಬೇಕೆಂದು ಹಟ ಹಿಡಿದೆ.

ಆಪರೇಷನ್ ಆಗಿ, ಕಿವಿಯಿಂದ ಕಿವಿಗೆ ಹಾಕಿದ್ದ ಹೊಲಿಗೆ ಮಾಯ್ದ ಮೇಲೆ ಆಯಿ ಬಸುಗೆ ಮತ್ತೆ ಎರೆಯತೊಡಗಿದಳು, ಆದರೆ ಕುತ್ತಿಗೆಯವರೆಗೆ ಮಾತ್ರ, ತಲೆಯನ್ನು ಅವ್ವನಿಗೆ ಬಿಡುತ್ತಿದ್ದಳು. ಒಂದು ದಿನ ಅವ್ವ ಎಣ್ಣೆಯ ಬಟ್ಟಲನ್ನು ಅವಳ ಕೈಗೇ ಕೊಟ್ಟಳು.

"ತಲಿಗೂ ಹಚ್ಚ್ರಿ, ಅತ್ತಿ. ನಿಮ್ಮ ಕೈಗೆ ತಿಳದಷ್ಟು ನನ್ನ ಕೈಗೆ ತಿಳಿಯೂದಿಲ್ಲ."

ತಪ್ಪಾಯಿತೆಂದು ಅವ್ವ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆಯಿ ಅಂಗೈಗೆ ಎಣ್ಣೆ ಸುರಿದುಕೊಂಡು, ಮೆಲ್ಲಗೆ ಅವನ ನೆತ್ತಿಯ ಮೇಲೆ ಕೈ ಇಟ್ಟಳು. ಮರುವಾರದಿಂದ ಓಣಿಯ ಕೂಸುಗಳ ಕಿರುಚಾಟ ಮತ್ತೆ ನಮ್ಮ ಬಚ್ಚಲಲ್ಲಿ ಶುರುವಾಯಿತು.

ಆಯಿ ಹೋಗಿ ಬಹಳ ವರ್ಷವಾಯಿತು. ಆ ಬಚ್ಚಲಿನ ಜಾಗದಲ್ಲಿ ಈಗ ಟೈಲ್ಸ್ ಹಾಕಿದ ಬಾತ್‌ರೂಮ್ ಇದೆ. ಮೊನ್ನೆ ಬಸು ತನ್ನ ಎಳೇ ಮಗಳನ್ನು ಮೊದಲ ಸಲ ಊರಿಗೆ ಕರೆತಂದಾಗ ನಾನೂ ಹೋಗಿದ್ದೆ. ಕೂದಲಿನ ಅಡಿಯಲ್ಲಿ ಇನ್ನೂ ಆ ಹೊಲಿಗೆಯ ಗೆರೆ ಇಟ್ಟುಕೊಂಡಿರುವ ನನ್ನ ತಮ್ಮ, ತಾನೇ ಔಡಲೆಣ್ಣೆ ಕಾಯಿಸಿ ತಂದು, ಮಗಳನ್ನು ನನ್ನ ಕಾಲ ಮೇಲೆ ಮಲಗಿಸಿ, ಏನೂ ಕೇಳದೆ ಎದುರಿಗೆ ಕೂತ. ಯಾಕೆ ಕೂತನೆಂದು ನನಗೆ ಗೊತ್ತಿತ್ತು. ಆಯಿ ಇಡುತ್ತಿದ್ದಂತೆ ಅಂಗೈ ಇಟ್ಟೆ. ನೆತ್ತಿಯಲ್ಲಿ ಜೀವ ಪುಟುಪುಟು ಬಡಿದುಕೊಳ್ಳುತ್ತಿತ್ತು.

"ಮೆತ್ತಗ ಐತೋ, ಬಸು," ಎಂದೆ.

ಅವನು ಉಸಿರು ಬಿಟ್ಟು, ಲೋಬಾನಕ್ಕೆ ಕೆಂಡ ತರಲು ಎದ್ದು ಹೋದ. ನಾನು ಎಣ್ಣೆ ಹಚ್ಚುತ್ತಾ ಕೂತೆ. ಈ ತಲೆಯನ್ನು ಆಯಿ ಒಂದು ಸಲ ಮುಟ್ಟಿ ನೋಡಬೇಕಿತ್ತು.